ಹಾಸು, ಹೊಕ್ಕು ಮತ್ತು ವಿಮಾನದ ರೆಕ್ಕೆ

ಮನೆಯಲ್ಲಿ ಗೋಣಿಚೀಲ ಇದ್ದರೆ ಒಂದನ್ನು ತಂದು ಬೆಳಕಿಗೆ ಹಿಡಿದು ನೋಡಿ. ನಮ್ಮ ಸುಂಟಿಕೊಪ್ಪದಲ್ಲಂತೂ ಕಾಫಿ ಕುಯ್ಲಿನ ಕಾಲಕ್ಕೆ ಅದಕ್ಕೇನೂ ಬರವಿಲ್ಲ. ದೂರದಿಂದ ಗ್ರಾಫ್ ಹಾಳೆಯ ಹಾಗೆ ಅಚ್ಚುಕಟ್ಟಾದ ಚೌಕಗಳು. ಹತ್ತಿರ ತಂದರೆ ಬೇರೆಯದೇ ಕಥೆ! ಒಂದು ಎಳೆ ದಪ್ಪ, ಪಕ್ಕದ್ದು ತೆಳು. ಇಲ್ಲಿ ಎರಡು ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿವೆ, ಅಲ್ಲಿ ಕಾಫಿ ಬೀಜದ ಮೂತಿ ಹೊರಗಿಣುಕುವಷ್ಟು ಸಂದು. ಯಾವ ಎಳೆಯೂ ನೆಟ್ಟಗಿಲ್ಲ. ಆದರೂ ಚೀಲ 50 ಕೆಜಿ ಹೊತ್ತು ನಿಲ್ಲುತ್ತದೆ, ನಾವೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ಹೀಗೆ ಯೋಚಿಸಿ. ಸೆಣಬಿನ ಬದಲು ಗಾಜಿನ ನೂಲೋ ಕಾರ್ಬನ್ ನೂಲೋ ಹಾಕಿ ಇದೇ ಥರ ಬಟ್ಟೆ ನೇಯ್ದರು. ಅದನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಇಟ್ಟು, ಕಾಯಿಸಿ ಗಟ್ಟಿ ಮಾಡಿ ವಿಮಾನದ ರೆಕ್ಕೆ ಮಾಡಿದರು. ಆಗಲೂ ಆ ದಪ್ಪ-ತೆಳು, ಆ ಸಂದು, ಆ ಸೊಟ್ಟ ಎಳೆ ಲೆಕ್ಕಕ್ಕಿಲ್ಲ ಅನ್ನಬಹುದಾ? ಲೆಕ್ಕಕ್ಕಿದ್ದರೆ ಎಷ್ಟು? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದಕ್ಕೆ ಮನುಷ್ಯರಿಗೆ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಕೆಲಸ ಮಾಡಿದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಇವತ್ತಿನ ಬರಹ ಆ ಕಥೆಯದ್ದು.

ಮೊದಲು ಒಂದೆರಡು ಪದ. ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಕ್ಕೆ ಲಾಳಿ ಹಾಕುವ ಎಳೆ ಹೊಕ್ಕು. "ಹಾಸುಹೊಕ್ಕಾಗಿದೆ" ಅಂತ ದಿನಾ ಹೇಳುತ್ತೇವಲ್ಲ, ಅದು ಮಗ್ಗದಿಂದ ಬಂದ ಮಾತು. ನೂಲು ಮತ್ತು ಅಂಟು ಸೇರಿ ಗಟ್ಟಿಯಾದದ್ದು ಕಾಂಪೊಸಿಟ್. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ಟುತ್ತಿದ್ದವರಿಗೆ ಇದರ ತತ್ವ ಗೊತ್ತಿತ್ತು: ಎಳೆತವನ್ನು ನಾರು ತಡೆಯುತ್ತದೆ, ನಾರು ಅಲ್ಲಾಡದಂತೆ ಮಣ್ಣು ಹಿಡಿಯುತ್ತದೆ. ಇನ್ನು, ಬಟ್ಟೆಯೊಳಗೆ ಪ್ರತಿ ಎಳೆಯೂ ಇನ್ನೊಂದರ ಮೇಲೆ ಹತ್ತಿ, ಮುಂದಿನದರ ಕೆಳಗೆ ಇಳಿದು ಅಲೆ ಅಲೆಯಾಗಿ ಸಾಗುತ್ತದಲ್ಲ, ಇಂಗ್ಲಿಷಿನವರು ಅದಕ್ಕೆ ಕ್ರಿಂಪ್ ಅನ್ನುತ್ತಾರೆ. ನಾನು ಇಲ್ಲಿ ಅದನ್ನು "ಬಳುಕು" ಅಂತ ಕರೆಯುತ್ತೇನೆ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಹೇಳಿ, ಸಂತೋಷದಿಂದ ತಗೊಳ್ತೀನಿ.

*

ಬೆಂಗಳೂರಿನ ವಿಮಾನಗಳಿಗೂ ಬಟ್ಟೆಗೂ ನಂಟು ಹಳೆಯದು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ್ದು 1940ರ ಡಿಸೆಂಬರ್‌ನಲ್ಲಿ. ಅದೇ ಮುಂದೆ ಎಚ್‌ಎಎಲ್ ಆಯಿತು. ಅಲ್ಲಿಂದ 1958ರಲ್ಲಿ ಪುಷ್ಪಕ್ ಎಂಬ ಪುಟ್ಟ ಎರಡು ಸೀಟಿನ ವಿಮಾನ ಹಾರಿತು. ಅಂಥವು 100ಕ್ಕೂ ಹೆಚ್ಚು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಪುಷ್ಪಕ್‌ನ ಒಳಗಡೆ ಇದ್ದದ್ದು ಚೌಕಟ್ಟು, ಮೇಲೆ ಹೊದೆಸಿದ್ದು ಬಟ್ಟೆ! ಅದಕ್ಕೆ ಡೋಪ್ ಅಂತ ವಾರ್ನಿಶ್‌ನಂಥ ದ್ರವ ಬಳಿದರೆ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿಯಾಗುತ್ತಿತ್ತು. ಹರಿದರೆ ತೇಪೆ ಹಾಕಿ ಮತ್ತೆ ಡೋಪ್ ಬಳಿದರಾಯಿತು.

ಅಲ್ಲಿ ಬಟ್ಟೆಯ ಕೆಲಸ ಗಾಳಿಯನ್ನು ತಡೆಯುವುದು ಮಾತ್ರ. ವಿಮಾನದ ಭಾರವೆಲ್ಲ ಒಳಗಿನ ಚೌಕಟ್ಟಿನ ಮೇಲೆ. ಬಟ್ಟೆ ಮೈಯ ಚರ್ಮ, ಚೌಕಟ್ಟು ಎಲುಬು. ಚರ್ಮದಲ್ಲಿ ಒಂದು ಎಳೆ ಸೊಟ್ಟಗಿದ್ದರೆ ಯಾರಿಗೇನು? ಬಟ್ಟೆಯೇ ಎಲುಬಾದಾಗ ಮಾತ್ರ ನಮ್ಮ ಪ್ರಶ್ನೆಗೆ ಜೀವ ಬರುತ್ತದೆ.

ವಿಚಿತ್ರ ಅಂದರೆ, ಆ ಪ್ರಶ್ನೆಗೆ ಬೇಕಾದ ಎರಡು ಬೀಗದ ಕೈಗಳೂ ಬಟ್ಟೆ ಎಲುಬಾಗುವ ಎಷ್ಟೋ ವರ್ಷ ಮೊದಲೇ ಸಿದ್ಧವಾಗಿದ್ದವು. ಅದೂ ವಿಮಾನದವರ ಹತ್ತಿರ ಅಲ್ಲ, ಹತ್ತಿ ಗಿರಣಿಗಳ ಊರಾದ ಮ್ಯಾಂಚೆಸ್ಟರಿನಲ್ಲಿ. ಅಲ್ಲಿನ ಹತ್ತಿ ಉದ್ಯಮದ ಸಂಶೋಧನಾಲಯ ಶರ್ಲಿ ಇನ್‌ಸ್ಟಿಟ್ಯೂಟ್‌ನಲ್ಲಿ ಎಫ್. ಟಿ. ಪಿಯರ್ಸ್ ಎಂಬ ಭೌತವಿಜ್ಞಾನಿ ಇದ್ದರು. 1926ರಲ್ಲಿ ಅವರು ನೂಲಿನ ಗಟ್ಟಿತನದ ಬಗ್ಗೆ ಒಂದು ಪ್ರಬಂಧ ಬರೆದರು. ತಿರುಳು ಇಷ್ಟೇ: ಸರಪಳಿ ತುಂಡಾಗುವುದು ಅದರ ಅತಿ ದುರ್ಬಲ ಕೊಂಡಿಯಲ್ಲಿ. ನೂಲು ಉದ್ದವಾದಷ್ಟೂ ಅದರಲ್ಲೊಂದು ದುರ್ಬಲ ಜಾಗ ಇರುವ ಸಂಭವ ಹೆಚ್ಚು. ಆದ್ದರಿಂದ ಒಂದೇ ಉಂಡೆಯಿಂದ ತೆಗೆದ ಉದ್ದನೆಯ ತುಂಡು ಗಿಡ್ಡ ತುಂಡಿಗಿಂತ ಸರಾಸರಿಯಲ್ಲಿ ಬೇಗ ಹರಿಯುತ್ತದೆ. ಎಷ್ಟು ಬೇಗ ಅನ್ನುವುದಕ್ಕೆ ಅವರು ಗಣಿತವನ್ನೂ ಕೊಟ್ಟರು.

1937ರಲ್ಲಿ ಅದೇ ಪಿಯರ್ಸ್ ಇನ್ನೊಂದು ಪ್ರಬಂಧ ಬರೆದರು, ಬಟ್ಟೆಯ ಜ್ಯಾಮಿತಿಯ ಬಗ್ಗೆ. ನೂಲನ್ನು ದುಂಡಗಿನ ಕೊಳವೆ ಅಂದುಕೊಂಡು, ಅದು ಇನ್ನೊಂದು ನೂಲಿನ ಮೇಲೆ ಎಷ್ಟು ಬಾಗುತ್ತದೆ, ಎಷ್ಟು ದೂರ ನೆಟ್ಟಗೆ ಸಾಗುತ್ತದೆ, ಹಾಸಿನ ಬಳುಕು ಕಡಿಮೆಯಾದರೆ ಹೊಕ್ಕಿನ ಬಳುಕು ಎಷ್ಟು ಹೆಚ್ಚುತ್ತದೆ, ಇವನ್ನೆಲ್ಲ ಸಮೀಕರಣಗಳಲ್ಲಿ ಹಿಡಿದರು. ಕೊನೆಯದನ್ನು ನೀವೇ ನೋಡಬಹುದು. ಒಂದು ತುಂಡು ಬಟ್ಟೆಯನ್ನು ಉದ್ದಕ್ಕೆ ಎಳೆಯಿರಿ, ಅಗಲ ಸ್ವಲ್ಪ ಕುಗ್ಗುತ್ತದೆ. ಹಾಸು ನೆಟ್ಟಗಾಯಿತು, ಆ ಬಳುಕನ್ನೆಲ್ಲ ಹೊಕ್ಕು ಹೊತ್ತುಕೊಂಡಿತು. ಒಂದು ಮನೆಯಲ್ಲಿ ಒಬ್ಬರು ನೆಟ್ಟಗೆ ನಿಲ್ಲಬೇಕಾದರೆ ಇನ್ನೊಬ್ಬರು ಬಾಗಲೇಬೇಕಲ್ಲ, ಹಾಗೆ :)

ಒಬ್ಬನೇ ಮನುಷ್ಯ, ಹನ್ನೊಂದು ವರ್ಷದ ಅಂತರ, ಎರಡು ಪ್ರಬಂಧ. ಒಂದು ಏರುಪೇರಿನ ಬಗ್ಗೆ, ಇನ್ನೊಂದು ಆಕಾರದ ಬಗ್ಗೆ. ಆದರೆ ಆಕಾರದ ಪ್ರಬಂಧದಲ್ಲಿ ಬಟ್ಟೆಯ ಪ್ರತಿ ಚೌಕವೂ ಪಕ್ಕದ ಚೌಕದ ಪಡಿಯಚ್ಚು. ಏರುಪೇರೂ ಆಕಾರವೂ ಒಂದೇ ಲೆಕ್ಕದಲ್ಲಿ ಸೇರುವುದಕ್ಕೆ ಇನ್ನೂ ಬಹಳ ಕಾಲ ಕಾಯಬೇಕಾಯಿತು.

*

ಬಟ್ಟೆ ಎಲುಬಾದದ್ದು ನಿಧಾನಕ್ಕೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿ ನಾರ್ಮನ್ ಡಿ ಬ್ರೂಯ್ನ್ ಅಗಸೆ ನಾರನ್ನು ಅಂಟಿನಲ್ಲಿ ಅದ್ದಿ ಸ್ಪಿಟ್‌ಫೈರ್ ಯುದ್ಧವಿಮಾನಕ್ಕೆ ಪ್ರಾಯೋಗಿಕವಾಗಿ ಒಂದು ಮೈಯನ್ನೇ ಮಾಡಿಸಿದ್ದರು. ಅತ್ತ ಗಾಜಿನ ನೂಲಿನ ಬಟ್ಟೆ ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಗಟ್ಟಿ ಕಾರ್ಬನ್ ನಾರು ತಯಾರಿಸುವ ದಾರಿ ಸಿಕ್ಕಿತು. ಬೆಂಗಳೂರಿನಲ್ಲಿ ಈ ಕೆಲಸ ಕೈಗೆತ್ತಿಕೊಂಡದ್ದು ಎನ್‌ಎಎಲ್. ಅದು ಶುರುವಾದದ್ದು 1959ರಲ್ಲಿ ದೆಹಲಿಯಲ್ಲಿ, ಮರುವರ್ಷವೇ ಬೆಂಗಳೂರಿಗೆ ಬಂತು.

ಎನ್‌ಎಎಲ್‌ನವರು ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜಿ ವಿಮಾನದ ನಕ್ಷೆಯನ್ನು ಆಧರಿಸಿ ಎಲ್‌ಸಿಆರ್‌ಎ ಎಂಬ ಹಗುರ ವಿಮಾನ ಕಟ್ಟಿದರು, 1987ರಲ್ಲಿ ಅದು ಹಾರಿತು. ಆಮೇಲೆ ಬಂದದ್ದು ಹಂಸ. 1993ರಲ್ಲಿ ಮೊದಲ ಹಾರಾಟ, ಹಂಸ-3ಕ್ಕೆ 2000ದಲ್ಲಿ ಪ್ರಮಾಣಪತ್ರ. ಅದರ ಹೊಸ ಅವತಾರ ಹಂಸ-ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ ಹಾರಿತು. ಪುಷ್ಪಕ್‌ನ ಹಾಗೆಯೇ ಹಂಸವೂ ಎರಡು ಸೀಟಿನ, ಹಾರಲು ಕಲಿಯುವವರ ವಿಮಾನ. ಆದರೆ ಇಲ್ಲಿ ಗಾಜಿನ ಬಟ್ಟೆಯೇ ಮೈ, ಗಾಜಿನ ಬಟ್ಟೆಯೇ ಎಲುಬು. ಮೂವತ್ತೈದು ವರ್ಷದಲ್ಲಿ ಬಟ್ಟೆಗೆ ಸಿಕ್ಕ ಬಡ್ತಿ ನೋಡಿ!

ಬಡ್ತಿಯ ಜೊತೆ ಜವಾಬ್ದಾರಿಯೂ ಬಂತು. ಬಳುಕಿನ ಬೆಲೆ ಎಷ್ಟು ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಹೆದರಬೇಡಿ, ಹೈಸ್ಕೂಲ್ ಗಣಿತ ಸಾಕು. ಒಂದು ಮೀಟರ್ ಬಟ್ಟೆಯಿಂದ ಒಂದು ಎಳೆ ಬಿಡಿಸಿ ನೆಟ್ಟಗೆ ಎಳೆದಾಗ ಅದು 101 ಸೆಂಟಿಮೀಟರ್ ಇತ್ತು ಅಂದುಕೊಳ್ಳಿ. ಅಂದರೆ ಬಳುಕು ಶೇ. 1. ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಆ ಎಳೆ ಸೈನ್ ಅಲೆಯ ಹಾಗೆ ಸಾಗಿದೆ ಅಂತಿಟ್ಟುಕೊಂಡು ಲೆಕ್ಕ ಹಾಕಿದರೆ, ಅತಿ ಕಡಿದಾದ ಜಾಗದಲ್ಲಿ ಅದು ಸುಮಾರು 11 ಡಿಗ್ರಿ ಓರೆಯಾಗಿರುತ್ತದೆ. ಬಳುಕು ಶೇ. 1.5 ಆದರೆ ಓರೆ ಹತ್ತಿರ ಹತ್ತಿರ 14 ಡಿಗ್ರಿ.

ಓರೆಯಾದರೆ ಏನಾಗುತ್ತದೆ? ಕಾರ್ಬನ್ ಕಾಂಪೊಸಿಟ್‌ನ ಸಾಮಾನ್ಯ ಅಂಕಿಗಳನ್ನೇ ತಗೊಳ್ಳೋಣ. ನಾರಿನ ದಿಕ್ಕಿನಲ್ಲೇ ಎಳೆದಾಗ ಅದರ ಬಿಗಿತ ಸುಮಾರು 140 ಗಿಗಾಪ್ಯಾಸ್ಕಲ್. ಎಲ್ಲ ನಾರೂ 5 ಡಿಗ್ರಿ ಓರೆಯಾದರೆ ಅದು 117ಕ್ಕೆ ಇಳಿಯುತ್ತದೆ, 10 ಡಿಗ್ರಿಗೆ 80. ಬಟ್ಟೆಯಲ್ಲಿ ಎಳೆ ಎಲ್ಲ ಕಡೆಯೂ ಓರೆಯಾಗಿರುವುದಿಲ್ಲ, ಹತ್ತುವಾಗ ಇಳಿಯುವಾಗ ಮಾತ್ರ. ಹಾಗಾಗಿ ಒಟ್ಟು ನಷ್ಟ ಇಷ್ಟಿರುವುದಿಲ್ಲ. ಆದರೆ ಬಟ್ಟೆ ನೇಯುವುದಕ್ಕೆ ತೆರುವ ಸುಂಕ ಯಾವ ಥರದ್ದು ಅಂತ ಗೊತ್ತಾಗುತ್ತದೆ.

ಎಳೆಯುವುದು ಹೀಗಾದರೆ ಒತ್ತುವುದು ಇನ್ನೂ ಕಷ್ಟ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಅದರ ಮೇಲ್ಮೈ ಸದಾ ಒತ್ತಡದಲ್ಲಿರುತ್ತದೆ. ನೆಟ್ಟಗಿರುವ ಕಡ್ಡಿಯನ್ನು ತುದಿಯಿಂದ ಒತ್ತಿದರೆ ತಡೆದುಕೊಳ್ಳುತ್ತದೆ, ಸ್ವಲ್ಪ ಬಾಗಿದ್ದರೆ ಅಲ್ಲೇ ಮಡಚಿಕೊಳ್ಳುತ್ತದೆ. ನಾರೂ ಹಾಗೆಯೇ. 1972ರಲ್ಲಿ ಅರ್ಗಾನ್, 1983ರಲ್ಲಿ ಬುಡಿಯಾನ್‌ಸ್ಕಿ ಎಂಬ ವಿಜ್ಞಾನಿಗಳು ಇದನ್ನು ಸೂತ್ರಕ್ಕಿಳಿಸಿದರು. ಬುಡಿಯಾನ್‌ಸ್ಕಿಯ ಸೂತ್ರಕ್ಕೆ ಸಾಮಾನ್ಯ ಅಂಕಿಗಳನ್ನು ಹಾಕಿದರೆ, ನಾರಿನ ಓರೆ 1 ಡಿಗ್ರಿಯಿಂದ 3 ಡಿಗ್ರಿಗೆ ಹೋದಾಗ ಒತ್ತಡ ತಡೆಯುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಎರಡೇ ಡಿಗ್ರಿ! ಕಣ್ಣಿಗೆ ಕಾಣದಷ್ಟು.

ಇದಕ್ಕೇ ಬಟ್ಟೆಯ ಬದಲು ನಾರನ್ನು ಒಂದೇ ದಿಕ್ಕಿಗೆ ಸಾಲಾಗಿಟ್ಟ ಪಟ್ಟಿಗಳನ್ನು ಬಳಸುವುದುಂಟು. ಬಟ್ಟೆಯೇ ಬೇಕೆಂದಾಗ ಸ್ಯಾಟಿನ್ ನೇಯ್ಗೆ ಆರಿಸುವುದುಂಟು, ಅದರಲ್ಲಿ ಎಳೆ ಏಳರ ಮೇಲೆ ತೇಲಿ ಒಂದರ ಕೆಳಗೆ ಮಾತ್ರ ನುಸುಳುತ್ತದೆ. ಹಾಗಾದರೆ ಬಟ್ಟೆ ಯಾಕೆ ಬೇಕು ಅಂತ ಕೇಳಬಹುದು. ಬಟ್ಟೆ ಬಾಗಿದ ಅಚ್ಚಿನ ಮೇಲೆ ಸೀರೆಯ ನೆರಿಗೆಯಷ್ಟು ಸಲೀಸಾಗಿ ಕೂರುತ್ತದೆ, ಪೆಟ್ಟು ಬಿದ್ದಾಗ ಬಿರುಕನ್ನು ಹರಡಲು ಬಿಡದೆ ಹಾಸುಹೊಕ್ಕುಗಳು ಹಿಡಿದುಕೊಳ್ಳುತ್ತವೆ, ಕೈಯಲ್ಲಿ ಹರಡುವುದೂ ಸುಲಭ. ಆದರೆ ಆ ಸಲೀಸಿನಲ್ಲೇ ಅಪಾಯವೂ ಇದೆ. ಕರ್ಚೀಫಿನ ಎದುರುಬದುರು ಮೂಲೆ ಹಿಡಿದು ಎಳೆದರೆ ಚೌಕಗಳು ವಜ್ರಾಕಾರವಾಗುತ್ತವಲ್ಲ, ಅಚ್ಚಿನ ಮೇಲೆ ಹಾಸುವಾಗ ಗಾಜಿನ ಬಟ್ಟೆಗೂ ಅದೇ ಆಗುತ್ತದೆ. ಒಂದು ಪದರದ ಉಬ್ಬು ಕೆಳಗಿನ ಪದರದ ತಗ್ಗಿನಲ್ಲಿ ಕೂತರೆ ದಪ್ಪ ಕಡಿಮೆ, ಉಬ್ಬಿನ ಮೇಲೆ ಉಬ್ಬು ಕೂತರೆ ನಡುವೆ ಬರೀ ಅಂಟಿನ ಗುಳಿ. ಎರಡು ಸಲ ಹಾಸಿದರೆ ಎರಡು ಥರ.

*

ಇಂಜಿನಿಯರುಗಳು ಇದನ್ನು ಲೆಕ್ಕಕ್ಕೆ ತರಲು ಹೊರಟದ್ದು ಮೆಟ್ಟಿಲು ಮೆಟ್ಟಿಲಾಗಿ. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಇಶಿಕಾವಾ ಮತ್ತು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಚೌ ಮೂರು ಮಾದರಿಗಳನ್ನು ಮುಂದಿಟ್ಟರು. ಮೊದಲನೆಯದರಲ್ಲಿ ಬಟ್ಟೆ ಅಂದರೆ ನೆಲಕ್ಕೆ ಹಾಸಿದ ಟೈಲ್ಸಿನ ಹಾಗೆ ಚಪ್ಪಟೆ ತುಂಡುಗಳು, ಬಳುಕೇ ಇಲ್ಲ. ಎರಡನೆಯದರಲ್ಲಿ ಬಳುಕು ಬಂತು. ಮೂರನೆಯದು ಸ್ಯಾಟಿನ್‌ನಂಥ ನೇಯ್ಗೆಗೆ, ಅಲ್ಲಿ ಬಳುಕಿದ ಜಾಗದ ಸುತ್ತಲಿನ ನೆಟ್ಟನೆಯ ಎಳೆಗಳು ಸೇತುವೆಯ ಹಾಗೆ ಭಾರವನ್ನು ದಾಟಿಸುತ್ತವೆ.

1992ರ ಹೊತ್ತಿಗೆ ಮುಂಬೈ ಐಐಟಿಯ ಎನ್. ಕೆ. ನಾಯಕ್ ಮತ್ತು ಅವರ ಜೊತೆಗಾರರಾದ ಶೆಂಬೇಕರ್, ಗಣೇಶ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಹಾಸು ಮತ್ತು ಹೊಕ್ಕು ಎರಡರ ಬಳುಕನ್ನೂ, ಎಳೆಗಳ ನಡುವಿನ ಸಂದನ್ನೂ, ಎಳೆಯ ಅಡ್ಡಕೊಯ್ತದ ನಿಜವಾದ ಆಕಾರವನ್ನೂ ಲೆಕ್ಕಕ್ಕೆ ತಂದರು. ಒಂದು ಪದರ ಇನ್ನೊಂದರ ಮೇಲೆ ಸ್ವಲ್ಪ ಜರುಗಿ ಕೂತರೆ ಏನು ಅಂತಲೂ ಕೇಳಿದರು. ಅದೇ ಬಟ್ಟೆ, ಅದೇ ಅಂಟು, ಜರುಗಿ ಕೂತದ್ದಷ್ಟೇ ಬೇರೆ. ಉತ್ತರವೂ ಬೇರೆ ಬರುತ್ತದೆ. ನಮ್ಮ ದೇಶದ ಹೆಸರು ಈ ಕಥೆಯಲ್ಲಿ ಗಟ್ಟಿಯಾಗಿ ಕೂತಿರುವುದು ಇಲ್ಲಿ.

ಆದರೆ ಇವೆಲ್ಲದರ ಒಳಗೂ ಒಂದು ಹಳೆಯ ನಂಬಿಕೆ ಉಳಿದಿತ್ತು. ಒಂದು ಚೌಕವನ್ನು ಲೆಕ್ಕ ಹಾಕಿದರೆ ಸಾಕು, ಇಡೀ ಬಟ್ಟೆ ಅದರದೇ ಪುನರಾವರ್ತನೆ, ಗೋಡೆಗೆ ಅಂಟಿಸುವ ವಾಲ್‌ಪೇಪರಿನ ಹಾಗೆ. ಪಿಯರ್ಸ್‌ರ 1937ರ ಪ್ರಬಂಧದ ನೆರಳು ಅದು.

ಈ ನಂಬಿಕೆಯಿಂದ ಎಲ್ಲವೂ ಕೆಡುವುದಿಲ್ಲ, ಅದನ್ನೂ ಹೇಳಬೇಕು. ಬಿಗಿತ ಸರಾಸರಿಯನ್ನು ಕೇಳುವ ಗುಣ. ಇಲ್ಲೊಂದು ಎಳೆ ಹೆಚ್ಚು ಬಳುಕಿ ಅಲ್ಲೊಂದು ಕಡಿಮೆ ಬಳುಕಿದರೆ ಒಟ್ಟಾರೆ ಬಿಗಿತ ಅಷ್ಟೇನೂ ಬದಲಾಗದು. ಆದರೆ ಮುರಿಯುವುದು ಸರಾಸರಿಯನ್ನು ಕೇಳುವುದಿಲ್ಲ. ಎಲ್ಲಿ ಅತಿ ಹೆಚ್ಚು ಸೊಟ್ಟಗಿದೆಯೋ ಅಲ್ಲಿಂದ ಶುರುವಾಗುತ್ತದೆ. ಕೆರೆಯ ಏರಿ ಒಡೆಯುವುದು ಅದರ ಸರಾಸರಿ ಎತ್ತರದಲ್ಲಿ ಅಲ್ಲವಲ್ಲ! ಪಿಯರ್ಸ್ 1926ರಲ್ಲಿ ಹೇಳಿದ್ದೂ ಇದನ್ನೇ.

ಎರಡು ಪ್ರಬಂಧಗಳನ್ನೂ ಸೇರಿಸಬೇಕಾದರೆ ಗಟ್ಟಿಯಾದ ಕಾಂಪೊಸಿಟ್‌ನ ಒಳಗೆ ಒಂದೊಂದು ಎಳೆಯೂ ಎಲ್ಲಿದೆ ಅಂತ ಕಾಣಬೇಕಿತ್ತು. ಕತ್ತರಿಸಿ ನೋಡಿದರೆ ಒಂದು ಸೀಳು ಮಾತ್ರ ಸಿಗುತ್ತದೆ. ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನ ಸೂಕ್ಷ್ಮ ರೂಪ ಬಂದ ಮೇಲೆ ಕತ್ತರಿಸದೆಯೇ ಒಳಗಿನ ಪ್ರತಿ ಎಳೆಯ ದಾರಿಯನ್ನು ಹಿಂಬಾಲಿಸುವುದು ಸಾಧ್ಯವಾಯಿತು. 2012ರಲ್ಲಿ ಅಮೆರಿಕದ ಬ್ರಯನ್ ಕಾಕ್ಸ್ ಮತ್ತು ಸಂಗಡಿಗರು, ಮರುವರ್ಷ ಅವರ ಜೊತೆ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ವನಾರ್‌ಸ್ಕಾಟ್, ಲೊಮೊವ್ ಮೊದಲಾದವರು ಇದನ್ನು ಒಂದು ವಿಧಾನವಾಗಿಸಿದರು. ಪ್ರತಿ ಎಳೆಯ ದಾರಿಯನ್ನು ಎರಡು ಪಾಲು ಮಾಡುವುದು. ಒಂದು, ಪ್ರತಿ ಚೌಕದಲ್ಲೂ ಮರಳಿ ಬರುವ ಸರಾಸರಿ ದಾರಿ. ಇನ್ನೊಂದು, ಅದರಿಂದ ಅತ್ತಿತ್ತ ಸರಿದದ್ದು. ಸರಿದದ್ದು ಎಷ್ಟು, ಒಮ್ಮೆ ಸರಿದರೆ ಎಷ್ಟು ದೂರ ಹಾಗೇ ಇರುತ್ತದೆ, ಈ ಎರಡು ಅಂಕಿ ಅಳೆದರೆ ಕಂಪ್ಯೂಟರಿನಲ್ಲಿ ನಿಜದ ಬಟ್ಟೆಯಷ್ಟೇ ಸೊಟ್ಟಗಿರುವ ಬಟ್ಟೆಯನ್ನು ಎಷ್ಟು ಬೇಕಾದರೂ "ನೇಯಬಹುದು", ಮುರಿದೂ ನೋಡಬಹುದು.

ಲೂವೆನ್‌ನವರು ಅಳೆದ ಕಾರ್ಬನ್ ಬಟ್ಟೆಯಲ್ಲಿ ಒಂದು ಸಂಗತಿ ಕಂಡಿತು. ಬಟ್ಟೆಯ ತಳದಲ್ಲೇ ಎಳೆ ಪಕ್ಕಕ್ಕೆ ಸರಿಯುವುದು ಒಂದು ಚೌಕದೊಳಗೆ ಮುಗಿಯುವುದಿಲ್ಲ, ಹಲವು ಚೌಕಗಳನ್ನು ದಾಟಿ ಹೋಗುತ್ತದೆ. ಅಂದರೆ ಒಂದು ಚೌಕವನ್ನಷ್ಟೇ ಎಷ್ಟು ಚೆನ್ನಾಗಿ ಲೆಕ್ಕ ಹಾಕಿದರೂ ಈ ಸರಿತ ಅದರೊಳಗೆ ಸಿಗುವುದೇ ಇಲ್ಲ. ವಾಲ್‌ಪೇಪರಿನ ನಂಬಿಕೆಗೆ ಅದರ ಮಿತಿ ತೋರಿಸಿದ್ದು ಹೀಗೆ. 1926 ಮತ್ತು 1937 ಕೊನೆಗೂ ಒಂದಾದವು.

*

ಹಾಗಾದರೆ ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಹಾರಿದವೆಲ್ಲ ದೇವರ ಮೇಲೆ ಭಾರ ಹಾಕಿ ಹಾರಿದವಾ? ಖಂಡಿತ ಅಲ್ಲ. ಲೆಕ್ಕಕ್ಕೆ ಸಿಗದ ಏರುಪೇರನ್ನು ಎದುರಿಸಲು ಎರಡು ದಾರಿಗಳಿದ್ದವು, ಈಗಲೂ ಇವೆ.

ಒಂದು, ತಯಾರಿಯಲ್ಲೇ ಏರುಪೇರು ತಗ್ಗಿಸುವುದು. ಎನ್‌ಎಎಲ್ ದೊಡ್ಡ ಆಟೋಕ್ಲೇವ್‌ಗಳನ್ನು ತಾನೇ ರೂಪಿಸಿತು. ಆಟೋಕ್ಲೇವ್ ಅಂದರೆ ರೆಕ್ಕೆ ಹಿಡಿಸುವಷ್ಟು ದೊಡ್ಡ ಪ್ರೆಶರ್ ಕುಕ್ಕರ್ ಅಂದುಕೊಳ್ಳಿ. ಬಿಸಿಯಲ್ಲಿ ಎಲ್ಲ ಕಡೆಯಿಂದ ಸಮನಾಗಿ ಒತ್ತಿದಾಗ ಪದರಗಳು ಒಂದೇ ಹದಕ್ಕೆ ಬರುತ್ತವೆ. ಅದು ದುಬಾರಿ ಅಂತ ಸಾರಸ್ ವಿಮಾನದ ಕಾಂಪೊಸಿಟ್ ರೆಕ್ಕೆಗಾಗಿ ವೆರಿಟಿ ಎಂಬ ಇನ್ನೊಂದು ವಿಧಾನ ರೂಪಿಸಿದರು. ಒಣ ಬಟ್ಟೆ ಹಾಸಿ, ಗಾಳಿ ಹೀರಿ, ಆ ನಿರ್ವಾತಕ್ಕೆ ಅಂಟು ಹರಿಸುವುದು. ಇಂಥ ವಿಧಾನಗಳಲ್ಲಿ ಎಳೆಗಳ ಸಂದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗದ್ದೆಗೆ ನೀರು ಬಿಟ್ಟಾಗ ತೂಬಿನ ಹತ್ತಿರದ ಸಡಿಲ ಮಣ್ಣಲ್ಲಿ ಸರ್ರನೆ ಹರಿದು ಮೂಲೆ ಒಣಗಿಯೇ ಉಳಿಯುತ್ತದಲ್ಲ, ಹಾಗೆ ಅಂಟೂ ಅಗಲ ಸಂದಿನಲ್ಲಿ ಮುಂದೋಡಿ ಬಿಗಿ ಜಾಗವನ್ನು ಒಣಗಿಸಿಬಿಡಬಹುದು.

ಎರಡು, ಮುರಿದು ಮುರಿದು ನೋಡುವುದು. ಮುರಿಯಲೆಂದೇ ಕತ್ತರಿಸಿದ ಸಣ್ಣ ಪಟ್ಟಿಗಳಿಗೆ ಕೂಪನ್ ಅನ್ನುತ್ತಾರೆ. ಅಂಥವನ್ನು ರಾಶಿ ರಾಶಿ ಮುರಿದು ಸರಾಸರಿ ತೆಗೆಯುತ್ತಾರೆ, ಆದರೆ ಆ ಸರಾಸರಿಯನ್ನು ಯಾರೂ ನಂಬುವುದಿಲ್ಲ! ನೂರರಲ್ಲಿ ತೊಂಬತ್ತೊಂಬತ್ತು ತುಂಡುಗಳು ಯಾವ ಅಂಕಿಗಿಂತ ಗಟ್ಟಿಯೋ ಅದನ್ನು ವಿನ್ಯಾಸಕ್ಕೆ ಬಳಸುವುದುಂಟು, ಅದೂ ಶೇ. 95 ಭರವಸೆಯೊಂದಿಗೆ. ಸರಾಸರಿ 100 ಇದ್ದು ಏರುಪೇರು ಅದರ ಶೇ. 5 ಇದ್ದರೆ ನಂಬಬಹುದಾದ್ದು ಹೆಚ್ಚೆಂದರೆ 88. ಏರುಪೇರು ಶೇ. 10 ಆದರೆ 77. ಮುರಿದ ಕೂಪನ್ ಕಡಿಮೆಯಿದ್ದರೆ ಇನ್ನೂ ಕಡಿಮೆ. ನೂಲು ಅದೇ, ಅಂಟು ಅದೇ, ಸರಾಸರಿ ಕೂಡ ಅದೇ. ಎಳೆಗಳ ಸೊಟ್ಟತನ ಹೆಚ್ಚಾಯಿತು ಅಂತ ಹನ್ನೊಂದು ಪಾಲು ಶಕ್ತಿ ಕೈಬಿಟ್ಟು ಹೋಯಿತು. ಅದನ್ನು ತುಂಬಲು ಇನ್ನಷ್ಟು ಪದರ ಹಾಸಬೇಕು, ಅಂದರೆ ಇನ್ನಷ್ಟು ತೂಕ. ಆ ತೂಕವನ್ನು ವಿಮಾನ ಬಾಳುವಷ್ಟು ಕಾಲ ಪ್ರತಿ ಹಾರಾಟದಲ್ಲೂ ಹೊರಬೇಕು, ಇಂಧನ ಸುಟ್ಟು.

ನನ್ನ ಮಟ್ಟಿಗೆ ಈ ಇತಿಹಾಸದ ತಿರುಳು ಇಲ್ಲಿದೆ. ನಮಗೆ ಗೊತ್ತಿಲ್ಲದ್ದಕ್ಕೂ ಒಂದು ತೂಕವಿದೆ, ಅದನ್ನು ಕಿಲೋ ಲೆಕ್ಕದಲ್ಲಿ ತೂಗಬಹುದು. ಬಟ್ಟೆಯ ಸೊಟ್ಟತನವನ್ನು ಅಳೆಯಲು ಕಲಿತಷ್ಟೂ ಆ ಭಾರ ಇಳಿಯುತ್ತದೆ. ಅಳೆಯದೆ ಇಳಿಸಲು ಹೊರಟರೆ ಬೆಲೆ ತೆರುವವನು ಒಳಗೆ ಕೂತವನು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ತೇಜಸ್ ಮೊದಲ ಸಲ ಹಾರಿದ್ದು ಎಲ್ಲರಿಗೂ ಗೊತ್ತು. ಅದರ ಮೈಯ ತೂಕದಲ್ಲಿ ಸುಮಾರು ಶೇ. 45 ಕಾಂಪೊಸಿಟ್ ಅಂತ ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕಾದದ್ದೇ. ಆದರೆ ಹಾರಿದ ದಿನಾಂಕಕ್ಕೆ ಇತಿಹಾಸದಲ್ಲಿ ಜಾಗ ಸಿಗುತ್ತದೆ, ಮುರಿದ ಕೂಪನ್‌ಗಳಿಗೆ ಸಿಗುವುದಿಲ್ಲ. ಅಚ್ಚಿನ ಮೇಲೆ ಬಟ್ಟೆ ಹಾಸಿ, ಎಳೆ ನೆಟ್ಟಗಿದೆಯಾ ಅಂತ ಬಗ್ಗಿ ನೋಡಿ, ಅಂಗೈಯಲ್ಲಿ ಸವರಿ ಸುಕ್ಕು ತೆಗೆದ ಕೈಗಳಿಗೂ ಸಿಗುವುದಿಲ್ಲ. ವಿಮಾನವನ್ನು ಮೇಲೆ ನಿಲ್ಲಿಸಿರುವ ಅಂಕಿಗಳು ಹುಟ್ಟಿದ್ದು ಮಾತ್ರ ಅಲ್ಲೇ. ಅಂಥ ಕೆಲಸ ಮಾಡಿದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಅವರು ಒಪ್ಪಿದರೆ, ಅವರ ಮಾತನ್ನು ಕೇಳಿ ಕನ್ನಡದಲ್ಲಿ ಬರೆದಿಡಿ. ಓದಲು ನಾನಂತೂ ಕಾಯುತ್ತಿರುತ್ತೇನೆ.